ರೇವಣಸಿದ್ದಯ್ಯ ಜೇಬಿಗಿಳಿಸಿದ ಕನ್ನಡಿ

ತಿಪಟೂರಿನಲ್ಲಿ ಯಾರ ಅಂಗಿಯ ಮೇಲೆ ಕೊಬ್ಬರಿ ಎಣ್ಣೆಯ ಕಲೆ ಕಂಡರೂ ಯಾರೂ ಏನೂ ಕೇಳುವುದಿಲ್ಲ. ಇಲ್ಲಿ ಅದು ಬೆವರಿನಷ್ಟೇ ಸಹಜ. ಆದರೆ ಹೋದ ಜನವರಿಯ ಒಂದು ಬೆಳಿಗ್ಗೆ, ನನ್ನ ಕಾರಿನಲ್ಲಿ ಪಕ್ಕದಲ್ಲಿ ಕೂತಿದ್ದ ರೇವಣಸಿದ್ದಯ್ಯನ ಬಿಳಿ ಅಂಗಿಯ ಜೇಬಿನ ಮೇಲೆ ಮೂಡುತ್ತಿದ್ದ ಕಲೆಯನ್ನು ಕಂಡು ನಾನು ಕೇಳಿಯೇ ಬಿಟ್ಟೆ. ಕೊಬ್ಬರಿ ಮಾರುವವನಿಗೆ ದೇವರು ಬೇರೆ ಕಣ್ಣು ಕೊಟ್ಟಿರುತ್ತಾನೋ ಇಲ್ಲವೋ, ಎಣ್ಣೆ ಕಾಣುವ ಕಣ್ಣನ್ನಂತೂ ಕೊಟ್ಟಿರುತ್ತಾನೆ.

ಕಲೆಗೆ ಮುಂಚೆ ಮನುಷ್ಯನ ಪರಿಚಯವಾಗಬೇಕು.

ರೇವಣಸಿದ್ದಯ್ಯ ಹಾಲ್ಕುರಿಕೆ ಕಡೆಯವನು. ಅಯ್ಯನವರ ಮನೆತನ. ಅಪ್ಪನಿಗೆ ಮಗ ನಾಲ್ಕು ಮನೆಯ ಪೂಜೆ ಮಾಡಿಕೊಂಡಿರಲಿ ಎಂಬ ಆಸೆ. ಮಗನಿಗೆ ದೇವರಿಗಿಂತ ದೇವರ ಫೋಟೋದ ಗಾಜು ಹಿಡಿಸಿತು. ಮೀಸೆ ಬರುವ ವಯಸ್ಸಿಗೆ ತಿಪಟೂರಿಗೆ ಬಂದು ಫೋಟೋ ಕಟ್ಟು ಹಾಕುವ ಅಂಗಡಿಯಲ್ಲಿ ಸೇರಿಕೊಂಡ. ಗಾಜು ಕುಯ್ಯುವುದನ್ನು ಕಲಿತ. ಆಮೇಲೆ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ನನ್ನ ಕೊಬ್ಬರಿ ಮಂಡಿಯ ಎದುರಿಗೇ, ಸ್ವಂತ ಅಂಗಡಿ ಹಾಕಿದ. ಅಂಗಡಿಯೆಂದರೆ ಅಗಲಕ್ಕಿಂತ ಉದ್ದ ಜಾಸ್ತಿಯಿರುವ ಒಂದು ಕೊಠಡಿ. ಗೋಡೆಗೆ ಒರಗಿಸಿದ ಕನ್ನಡಿ ಹಾಳೆಗಳು, ನಡುವೆ ಹಳೆಯ ಕಂಬಳಿ ಹಾಸಿದ ಮೇಜು. ದೇವರ ಮಂಟಪ, ತೊಟ್ಟಿಲು, ಬೀರುವಿನ ಬಾಗಿಲು, ಯಾವುದರ ಕೆತ್ತನೆಯೊಳಗೆ ಕನ್ನಡಿ ಕೂರಿಸಬೇಕಿದ್ದರೂ ಮೂರು ತಾಲೂಕಿನ ಬಡಗಿಗಳು ಅವನ ಬಳಿಗೇ ಬರುತ್ತಾರೆ.

ಬರಲು ಕಾರಣವಿದೆ. ಚೌಕ ಕುಯ್ಯುವುದು ಯಾರಿಗೂ ಬರುತ್ತದೆ. ಮಾವಿನಕಾಯಿ ಆಕಾರ, ತಾವರೆ ಎಸಳು, ಗಿಣಿಯ ಬಾಲ ಕುಯ್ಯಬೇಕಾದರೆ ಕೈ ಬೇಕು. ರೇವಣಸಿದ್ದಯ್ಯ ರಟ್ಟಿನ ಅಚ್ಚನ್ನು ಕನ್ನಡಿಯ ಹೊಳೆಯುವ ಮುಖದ ಮೇಲಿಟ್ಟು, ಕಟರ್‌ನ ಪುಟ್ಟ ಚಕ್ರವನ್ನು ಎಣ್ಣೆಗದ್ದಿ, ಉಸಿರು ಹಿಡಿದು ಒಂದೇ ಎಳೆತ ಎಳೆಯುತ್ತಾನೆ. ಅದೇ ಗೀಟಿನ ಮೇಲೆ ಎರಡನೇ ಸಲ ಎಳೆದರೆ ಗಾಜು ಮುನಿಸಿಕೊಂಡು ತನಗೆ ಬೇಕಾದ ಕಡೆ ಸೀಳುತ್ತದೆ. ಎಳೆದ ಮೇಲೆ ಚೂರನ್ನು ಮೇಲೆತ್ತಿ, ಬೆನ್ನಿಗೆ ಎಡ ಹೆಬ್ಬೆಟ್ಟು ಕೊಟ್ಟು ಒತ್ತುತ್ತಾನೆ. ಟಿಕ್ ಎಂದು ಬಿಡಿಸಿಕೊಳ್ಳುತ್ತದೆ. ಆ ಹೆಬ್ಬೆಟ್ಟಿನ ಮೇಲೆ ಹಳೆಯ ಗಾಯದ ಗುರುತೊಂದು ಅಡ್ಡಡ್ಡ ಬಿದ್ದಿದೆ. ಕಲಿಯುವಾಗ ಗಾಜು ಹಾಕಿದ ಸಹಿ ಅದು ಎಂದು ಹೇಳಿಕೊಳ್ಳುತ್ತಾನೆ.

ಕೈ ಎಷ್ಟು ಹದವೋ ಬಾಯಿ ಅಷ್ಟೇ ಹರಿತ. ಬಡಗಿಗಳ ಕೆಲಸದಲ್ಲಿ ತಪ್ಪು ಹುಡುಕುವುದು ಅವನಿಗೆ ಎಲೆ ಅಡಿಕೆ ಹಾಕಿಕೊಂಡ ಹಾಗೆ. ತುರುವೇಕೆರೆ ರಸ್ತೆಯಲ್ಲಿ ಮರಗೆಲಸದ ಶೆಡ್ ಇಟ್ಟುಕೊಂಡಿರುವ ಕಲ್ಲೇಶ್ ಅವನಿಗೆ ಬಹಳ ಬೇಕಾದ ಹುಡುಗ. ಹುಡುಗ ಎಂದರೆ ಮದುವೆಯಾಗಿ ಮಕ್ಕಳಿರುವವನೇ. ಆದರೆ ಅಯ್ಯನ ಮುಂದೆ ಹುಡುಗ.

“ಇದೇನ್ಲಾ ಕಲ್ಲೇಶ, ಗುಳಿ ನೀನ್ ತೋಡಿದ್ಯೋ, ಇಲಿ ಕೊರ್ದೈತೋ?”

“ಇಲೀನೇ ಅಯ್ನೋರೆ. ಕೂಲಿ ಕಮ್ಮಿ ತಗಂತದೆ ಅಂತ ಮಡಿಕ್ಕಂಡಿವ್ನಿ.”

ಹೀಗೆ ನಗಾಡುತ್ತಲೇ ಕಲ್ಲೇಶ್ ಕನ್ನಡಿ ಚೂರುಗಳನ್ನು ಹಳೆ ಪೇಪರಿನಲ್ಲಿ ಸುತ್ತಿ ಒಯ್ಯುತ್ತಿದ್ದ. ಒಂದನ್ನೂ ತಿರುಗಿಸಿ ನೋಡುತ್ತಿರಲಿಲ್ಲ. ಅಯ್ನೋರು ಕೊಟ್ಟ ಮೇಲೆ ನೋಡುವುದೇನು?

ಕಟರ್‌ಗೆ ರೇವಣಸಿದ್ದಯ್ಯ ಮೊದಲಿನಿಂದ ಬಳಸುತ್ತಿದ್ದುದು ಸೀಮೆಎಣ್ಣೆ. ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ನಿಂತುಹೋದ ಮೇಲೂ ಉಳಿದಿದ್ದ ಒಂದು ಕ್ಯಾನನ್ನು ತೀರ್ಥದಂತೆ ಬಳಸಿದ. ಅದೂ ಮುಗಿದಾಗ ಕಲ್ಲೇಶ್ ಹೊಲಿಗೆ ಮಿಷನ್ನಿನ ಎಣ್ಣೆ ತಂದುಕೊಡುತ್ತೇನೆಂದ. ಇವನಿಗೆ ನಗು.

“ತಿಪಟೂರಲ್ಲಿ ಹುಟ್ಟಿ ಎಣ್ಣೆ ಬಾಟ್ಲು ಅಂಗ್ಡಿಯಿಂದ ತರ್ತಾರೇನ್ಲಾ? ತಲೆಗೆ, ಮೈಗೆ, ದೇವರ ದೀಪಕ್ಕೆ, ಸುಟ್ಟ ಗಾಯಕ್ಕೆ, ಬಾಗ್ಲು ಕಿರುಗುಟ್ಟಿದ್ರೆ ತಿರುಗಣಿಗೆ, ಎಲ್ಲಾದ್ಕೂ ಆಗೋ ಎಣ್ಣೆ ಈ ಚಕ್ರಕ್ಕಾಗಕಿಲ್ವಾ?”

ನಾನೇ ಒಂದು ಬಾಟಲಿ ಗಾಣದ ಎಣ್ಣೆ ಕೊಟ್ಟೆ. ಊರಿನ ಎಣ್ಣೆಗೆ ಹೊಸ ಗಿರಾಕಿ ಸಿಕ್ಕರೆ ಬೇಡವೆನ್ನುವ ವ್ಯಾಪಾರಿ ಯಾರು? ಚಕ್ರ ಬೆಣ್ಣೆಯಂತೆ ಓಡಿತು. ಬಿಸಿಲುಗಾಲವಾದ್ದರಿಂದ ಎಣ್ಣೆಯೂ ನೀರಿನಂತೆ ತಿಳಿಯಾಗಿತ್ತು. ಅವನು ಮೊದಲಿನ ಹಾಗೆಯೇ ಗೀಟೆಳೆದ, ಮೊದಲಿನ ಹಾಗೆಯೇ ಹೆಬ್ಬೆಟ್ಟಿನಿಂದ ಒತ್ತಿದ, ಮೊದಲಿನ ಹಾಗೆಯೇ ಅದೇ ಬಟ್ಟೆಯಲ್ಲಿ ಕೈಯನ್ನೂ ಚೂರನ್ನೂ ಒರೆಸಿದ. ಸೀಮೆಎಣ್ಣೆಯಾದರೆ ಆ ಹೊತ್ತಿಗೆ ಆರಿ ಗಾಳಿಗೆ ಹೋಗಿರುತ್ತಿತ್ತು. ಕೊಬ್ಬರಿ ಎಣ್ಣೆ ಹೋಗುವ ಜಾತಿಯದಲ್ಲ. ಹಚ್ಚಿದ ಕಡೆ ಸಂಸಾರ ಹೂಡುತ್ತದೆ. ಇದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ತಲೆಗೆ ಎಣ್ಣೆ ಹಚ್ಚಿಕೊಂಡು ದಿಂಬಿನ ಮೇಲೆ ಮಲಗುವ ಇಡೀ ತಾಲೂಕಿಗೇ ಗೊತ್ತಿತ್ತು. ಕನ್ನಡಿಯ ವಿಷಯದಲ್ಲಿ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಅಮ್ಮಸಂದ್ರದ ಹತ್ತಿರ ತೋಟದ ಮನೆ ಕಟ್ಟಿಸಿದ ಪುಟ್ಟಗೌರಮ್ಮ ನನಗೆ ಹಳೆಯ ಪರಿಚಯ. ಅವರ ಅಟ್ಟದ ಕೊಬ್ಬರಿ ಪ್ರತಿ ವರ್ಷ ನನ್ನ ಮಂಡಿಗೇ ಬರುತ್ತದೆ. ಹೊಸ ಮನೆಯ ದೇವರ ಮಂಟಪಕ್ಕೆ ಯಾರು ಆಗಬಹುದೆಂದು ಕೇಳಿದಾಗ, ಮರಕ್ಕೆ ಕಲ್ಲೇಶ್, ಕನ್ನಡಿಗೆ ರೇವಣಸಿದ್ದಯ್ಯ ಎಂದು ಹೇಳಿದವನು ನಾನೇ. ಕಲ್ಲೇಶ್ ಎರಡು ವರ್ಷ ನೆರಳಿನಲ್ಲಿ ಒಣಗಿಸಿದ್ದ ಹಲಸಿನ ಹಲಗೆ ತೆಗೆದ. ಜೇನಿನ ಬಣ್ಣದ ಮಂಟಪ. ಕಮಾನಿನ ತುಂಬ ತಾವರೆ ಎಸಳಿನ ಗುಳಿಗಳು, ಪ್ರತಿ ಗುಳಿಗೂ ಒಂದು ಕನ್ನಡಿ. ಒಂದು ದೀಪ ಹಚ್ಚಿದರೆ ಕಮಾನಿನುದ್ದಕ್ಕೂ ದೀಪದ ಸಾಲು.

ಚೂರುಗಳ ಸುತ್ತ ತೆಳ್ಳಗೆ ಮರದ ಪಟ್ಟಿ ಹೊಡೆಯುತ್ತೇನೆ, ಭದ್ರವಾಗಿರುತ್ತದೆ ಎಂದು ಕಲ್ಲೇಶ್ ಕೇಳಿಕೊಂಡ.

“ಪಟ್ಟಿ ಹೊಡಿಯದು ಅಂಚು ಸೊಟ್ಟಗೆ ಕುಯ್ದೋರ್ಗೆ ಕಣ್ಲಾ. ನನ್ ಅಂಚು ಮುಚ್ಚಬ್ಯಾಡ. ಅಂಟಾಕಿ ಕೂರ್ಸು, ನಿನ್ ಮೊಮ್ಮಗನ್ ಕಾಲಕ್ಕೂ ಅಲ್ಲಾಡಕಿಲ್ಲ.”

ಕಲ್ಲೇಶ್ ಅಂಟು ಹಾಕಿ ಕೂರಿಸಿದ.

ಡಿಸೆಂಬರ್ ಕೊನೆಯಲ್ಲಿ ಗೃಹಪ್ರವೇಶ. ಬಂದವರೆಲ್ಲ ಮಂಟಪದ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡರು. ರೇವಣಸಿದ್ದಯ್ಯ ಊಟದ ಎಲೆಯ ಮುಂದೆ ಕೂತಿದ್ದಾಗಲೂ ಕತ್ತು ಆ ಕಡೆಗೇ. ಪುಟ್ಟಗೌರಮ್ಮ ಆ ದಿನದಿಂದ ದೀಪವನ್ನು ಆರಲು ಬಿಡಲಿಲ್ಲ. ಮೂರನೆಯ ದಿನ ಒಂದು ಎಸಳು ಜಾರಿ ಬಿದ್ದು ಒಡೆಯಿತು. ಮಾರನೆಯ ದಿನ ಇನ್ನೆರಡು. ವಾರ ಕಳೆಯುವುದರೊಳಗೆ ದೇವರ ಪೀಠದ ಮೇಲೆಲ್ಲ ಗಾಜು. ಹೊಸ ಮನೆ, ದೇವರ ಮುಂದೆ ಒಡೆದ ಕನ್ನಡಿ. ಆಕೆ ಮಂಟಪವನ್ನು ಹೊತ್ತೊಯ್ಯಿಸಿ ದನದ ಕೊಟ್ಟಿಗೆಯಲ್ಲಿ, ಹಿಂಡಿ ಚೀಲದ ಪಕ್ಕ ಇಡಿಸಿ, ನನಗೆ ಫೋನ್ ಮಾಡಿದರು. ಏನು ಹೇಳಿದರೆಂದು ಬರೆಯುವುದಿಲ್ಲ. ಆ ವರ್ಷದ ಕೊಬ್ಬರಿ ಕೈತಪ್ಪಿತೆಂದು ನಾನು ತಿಳಿದುಕೊಂಡೆ ಎಂದರೆ ಸಾಕು.

ಮಾರನೆಯ ಬೆಳಿಗ್ಗೆಯೇ ರೇವಣಸಿದ್ದಯ್ಯನನ್ನು ಕಾರಿಗೆ ಹಾಕಿಕೊಂಡು ಹೋದೆ. ಕಲ್ಲೇಶ್ ಬೈಕಿನಲ್ಲಿ ನಮಗಿಂತ ಮುಂಚೆ ಬಂದು ಅಂಗಳದಲ್ಲಿ ಕೈಕಟ್ಟಿ ನಿಂತಿದ್ದ. ಬಾಯಿ ತೆರೆದರೆ ಹೊಗೆ ಬರುವಂಥ ಚಳಿ. ಕಾಯಿ ಸುಲಿಯಲು ಬಂದ ಆಳುಗಳು ಬೆಂಕಿ ಕಾಯಿಸುತ್ತ ನಮ್ಮನ್ನೇ ನೋಡುತ್ತಿದ್ದರು. ನಾನು ಪಡಸಾಲೆಯಲ್ಲಿ ಕೂತು ಪುಟ್ಟಗೌರಮ್ಮನನ್ನು ಸಮಾಧಾನ ಮಾಡುವ ಕೆಲಸ ಹಿಡಿದೆ. ರೇವಣಸಿದ್ದಯ್ಯ ಒಬ್ಬನೇ ಕೊಟ್ಟಿಗೆಗೆ ಹೋದ.

ಹೊರಗೆ ಬಂದಾಗ ಅವನ ಮುಖ ಹಿಂಡಿದ ನಿಂಬೆಹಣ್ಣಿನಂತಿತ್ತು.

“ಏನಾಗೈತೆ ಅಯ್ನೋರೆ?” ಎಂದರು ಪುಟ್ಟಗೌರಮ್ಮ.

“ಮರ ಹಸಿ ಕಣಮ್ಮ,” ಎಂದ. “ಹಲಗೆ ಒಣಗಿಲ್ಲ. ಹಸಿ ಮರ ಉಸ್ರು ಬುಡ್ತದೆ, ಅಂಟು ಕಚ್ಚಕಿಲ್ಲ.”

ಬೆಂಕಿಯ ಸುತ್ತ ಕೂತಿದ್ದವರು ಒಟ್ಟಿಗೇ ಕಲ್ಲೇಶನ ಕಡೆ ತಿರುಗಿದರು. ಕೊಬ್ಬರಿ ವ್ಯಾಪಾರಿಗೆ ನಿನ್ನ ಮಾಲು ಹಸಿ ಎನ್ನುವುದೂ, ಬಡಗಿಗೆ ನಿನ್ನ ಮರ ಹಸಿ ಎನ್ನುವುದೂ ಒಂದೇ. ಹೊಡೆದರೆ ಗಾಯ ಮಾಯುತ್ತದೆ. ಈ ಮಾತು ಹಾಗಲ್ಲ, ಸಂತೆಯಿಂದ ಸಂತೆಗೆ ನಡೆಯುತ್ತದೆ. ಅದರಲ್ಲೂ ಹೇಳಿದವರು ಅಯ್ನೋರು.

“ಎರಡ್ ವರ್ಸ ಒಣಗ್ಸಿದ್ದೆ…” ಎಂದಷ್ಟೇ ಕಲ್ಲೇಶ್ ಹೇಳಿದ. ಅದೂ ತನಗೇ ಹೇಳಿಕೊಂಡಂತೆ.

ವಾಪಸು ಬರುವಾಗ ಬಿಸಿಲು ಏರಿತ್ತು, ಕಾರಿನ ಒಳಗೆ ಬೆಚ್ಚಗಿತ್ತು. ಆಗ ಕಂಡದ್ದು ಜೇಬಿನ ಕಲೆ.

“ಏನಯ್ಯ, ಪುಟ್ಟಗೌರಮ್ಮ ನನಗೆ ಬರೀ ಕಾಫಿ ಕೊಟ್ರು. ನಿಂಗೆ ಜೇಬಿಗೆ ಒಬ್ಬಟ್ಟು ಹಾಕಿ ಕಳಿಸವ್ರಾ?”

ರೇವಣಸಿದ್ದಯ್ಯ ಕೆಳಗೆ ನೋಡಿಕೊಂಡ. ಕೈಯಿಂದ ಮುಚ್ಚಿಕೊಂಡ. ಮುಚ್ಚಿದ ಕೈಯನ್ನು ಸ್ವಲ್ಪ ಹೊತ್ತಿನ ಮೇಲೆ ತೆಗೆದು, ಜೇಬಿನಿಂದ ಒಂದು ಕನ್ನಡಿ ಎಸಳನ್ನು ಎತ್ತಿ ನನ್ನ ಮುಂದೆ ಹಿಡಿದ. ನಾನು ಕಾರು ನಿಲ್ಲಿಸಿದೆ. ಎಸಳು ಒಡೆದಿರಲಿಲ್ಲ. ಬೂದು ಬಣ್ಣದ ಬೆನ್ನು ಎಣ್ಣೆಯಿಂದ ಮಿನುಗುತ್ತಿತ್ತು. ಮೂಸಿದೆ. ನಾನು ಕೊಟ್ಟ ಗಾಣದ ಎಣ್ಣೆಯೇ.

“ಚಳಿಗೆ ಹೆಪ್ಪುಗಟ್ಟಿತ್ತು ಕಣ್ಲಾ ಬಸವರಾಜು,” ಎಂದ. “ಕೊಟ್ಟಿಗೇಲಿ ತಿರುವಿ ನೋಡ್ತೀನಿ, ಬೆನ್ನ ಮ್ಯಾಲೆ ಬೆಳ್ಳಗೆ ಹೆಬ್ಬೆಟ್ಟು. ಅಡ್ಡಗೀಟೂ ಬಿದ್ದೈತೆ. ನಂದೇ.”

ಎಲ್ಲ ಗೊತ್ತಾಯಿತು. ಎಣ್ಣೆ ಹತ್ತಿದ ಬೆನ್ನಿಗೆ ಅಂಟು ಅರೆಬರೆ ಹಿಡಿದಿದೆ, ಚಳಿಯಲ್ಲಿ ಹೆಪ್ಪುಗಟ್ಟಿ ನಿಂತ ಎಣ್ಣೆ ದೀಪದ ಕಾವಿಗೆ ಕರಗಿದೆ, ಚೂರು ಜಾರಿದೆ. ಹಲಸಿನ ಮರ ಇದ್ದ ಹಾಗೇ ಇದೆ, ಗಟ್ಟಿಯಾಗಿ, ಒಣಗಿ, ಹಿಂಡಿ ಚೀಲದ ಪಕ್ಕದಲ್ಲಿ.

“ಮತ್ತೆ ಹಸಿ ಮರ ಅಂದ್ಯಲ್ಲ?”

“ಬಾಯಿಗ್ ಬಂದ್ಬುಡ್ತು.”

“ಜೇಬಿಗೂ ತಾನಾಗೇ ಬಂತಾ?”

ಕಾರು ತಿರುಗಿಸಲೇ ಎಂದೆ. ಬೇಡ ಎಂದ, ಸಂಕ್ರಾಂತಿ ಕಳೆಯಲಿ ಎಂದ. ಸಂಕ್ರಾಂತಿ ಕಳೆದ ಮೇಲೆ ಅಮಾವಾಸ್ಯೆ ಕಳೆಯಲಿ ಎಂದ. ರೇಟು ಏರಲೆಂದು ಅಟ್ಟದ ಮೇಲೆ ಕೊಬ್ಬರಿಯನ್ನು ಮಾರದೆ ಇಟ್ಟುಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಿಗೂ ಒಂದು ಹೊತ್ತಿಗೆ ಒಳಗೇ ಹುಳ ಬೀಳುತ್ತಿದೆಯೆಂದು ಗೊತ್ತಿರುತ್ತದೆ. ಇಳಿಸಲು ಮಾತ್ರ ಮನಸ್ಸು ಬರುವುದಿಲ್ಲ.

ಅಷ್ಟರಲ್ಲಿ ಅವನ ಅಂಗಡಿಯಲ್ಲಿ ಒಂದು ವಿಚಿತ್ರ ನಡೆಯಿತು. ಗೋಡೆಗೆ ಒರಗಿಸಿದ ಕನ್ನಡಿ ಹಾಳೆಗಳೆಲ್ಲ ಮುಖ ತಿರುಗಿಸಿಕೊಂಡವು. ಹೊರಗಿನಿಂದ ನೋಡಿದರೆ ಬರೀ ಬೂದು ಬೆನ್ನುಗಳು. ಕನ್ನಡಿ ಅಂಗಡಿಯೋ ಸ್ಲೇಟಿನ ಅಂಗಡಿಯೋ ಗೊತ್ತಾಗುತ್ತಿರಲಿಲ್ಲ. ಕೇಳಿದರೆ “ಧೂಳು” ಎಂದ. ಇಷ್ಟು ವರ್ಷ ಇಲ್ಲದ ಧೂಳು. ಬಡಗಿಗಳು ಬಂದರೆ ತಪ್ಪು ಹುಡುಕುವುದನ್ನೂ ಬಿಟ್ಟ. ಕೊಟ್ಟ ಅಚ್ಚಿಗೆ ಕುಯ್ದು ಸುಮ್ಮನೆ ಕಳಿಸುತ್ತಿದ್ದ. ಬೈಸಿಕೊಳ್ಳದೆ ಹೋಗುವ ಬಡಗಿಗಳು ಅಯ್ನೋರಿಗೆ ಮೈಗೆ ಹುಷಾರಿಲ್ಲವೇ ಎಂದು ನನ್ನ ಮಂಡಿಗೆ ಬಂದು ವಿಚಾರಿಸಿದರು.

ಅವನ ಹೆಂಡತಿ ಗಿರಿಜಾಂಬಿಕಾ ಒಂದು ದಿನ ಆ ಅಂಗಿ ಹಿಡಿದುಕೊಂಡೇ ಬಂದಳು.

“ಬಸವರಾಜಣ್ಣ, ಈ ಕಲೆ ಸೋಪಿಗೂ ಹೋಗ್ತಿಲ್ಲ, ಸೀಗೇಕಾಯ್ಗೂ ಹೋಗ್ತಿಲ್ಲ. ಏನು ಅಂತ ಕೇಳುದ್ರೆ ಅಂಗೀನೇ ಬಿಸಾಕು ಅಂತಾರೆ. ಗಟ್ಟಿ ಅಂಗಿ ಯಾಕ್ ಬಿಸಾಕ್ಲಿ?”

“ಸ್ವಲ್ಪ ದಿನ ಮಡಗಿರವ್ವ,” ಎಂದೆ. “ಅದನ್ನ ತೆಗೆಯೋ ಸೋಪು ಅವನ ಹತ್ರಾನೇ ಐತೆ.”

ಗಿರಿಜಾಂಬಿಕಾ ಹೆಚ್ಚು ಕೇಳುವ ಹೆಂಗಸಲ್ಲ. ಅಂಗಿಯನ್ನು ಮಡಿಸಿಕೊಂಡು ಹೋದಳು.

ಕೊನೆಗೆ ಬಂದದ್ದು ಕಲ್ಲೇಶ್. ನಾನು ಅಯ್ಯನ ಅಂಗಡಿಯಲ್ಲೇ ಕೂತಿದ್ದೆ. ಜಗಳಕ್ಕೆ ಬಂದಿದ್ದರೆ ರೇವಣಸಿದ್ದಯ್ಯನಿಗೆ ಎಷ್ಟೋ ಹಗುರವಾಗುತ್ತಿತ್ತು. ಕಲ್ಲೇಶ್ ಚಪ್ಪಲಿ ಹೊರಗೆ ಬಿಟ್ಟು, ತಲೆ ಬಗ್ಗಿಸಿ ಒಳಗೆ ಬಂದ.

“ಅಯ್ನೋರೆ, ಒಂದ್ ಮಾತ್ ಕೇಳಕ್ ಬಂದೆ. ಚಿಕ್ಕನಾಯಕನಹಳ್ಳಿಯೋರು ಬಾಗ್ಲು ಬ್ಯಾಡ ಅಂದ್ಬುಟ್ರು. ಇನ್ನೊಬ್ರು ಮುಂಗಡ ವಾಪಸ್ ಇಸ್ಕಂಡೋದ್ರು. ಹೋಗ್ಲಿ ಬುಡಿ. ನೀವು ಹಸಿ ಅಂದ್ ಮ್ಯಾಲೆ ಹಸೀನೇ. ಅದೇ ಮರದ ಹಲಗೆ ಶೆಡ್ಡಲ್ಲಿ ಇನ್ನೂ ಔವೆ. ಯಾರ್ ಮನೆಗಾರ ಹಾಕಿ ಇನ್ನೊಂದ್ಸಲ ಹಿಂಗಾದ್ರೆ? ಅದ್ಕೆ ಎಲ್ಲಾನೂ ಸೌದೆ ಡಿಪೋಗೆ ಕೊಟ್ಬುಡ್ತಾ ಇವ್ನಿ. ನಾಳೀಕೆ ಟ್ರಾಕ್ಟರ್ ಬತ್ತದೆ. ನಾನು ಕೇಳಕ್ ಬಂದಿದ್ದು, ಮುಂದ್ಕೆ ಹಲಸು ಎಷ್ಟ್ ಕಾಲ ಒಣಗಿಸ್ಬೇಕು ಅಂತ.”

ರೇವಣಸಿದ್ದಯ್ಯನ ಕೈಯಲ್ಲಿ ಕಟರ್ ಇತ್ತು. ಕಂಬಳಿಯ ಮೇಲಿನ ಕನ್ನಡಿಯಲ್ಲಿ ಅವನ ಗದ್ದ ಮಾತ್ರ ಕಾಣುತ್ತಿತ್ತು. ಕಟರ್ ಕೆಳಗಿಟ್ಟ.

“ಟ್ರಾಕ್ಟರ್ ಬ್ಯಾಡ ಅನ್ನು,” ಎಂದ. “ನಾಳೆ ಬೆಳಿಗ್ಗೆ ಅಮ್ಮಸಂದ್ರಕ್ಕೆ ಬಾ. ಪುಟ್ಟಗೌರಮ್ಮನ ಮನೆಗೆ.”

“ಯಾಕೆ ಅಯ್ನೋರೆ?”

“ಬಾ ಅಂದೆ.”

ಬೆಳಿಗ್ಗೆ ಅವನು ಕಾರು ಹತ್ತಿದಾಗ ಅದೇ ಅಂಗಿ ಹಾಕಿಕೊಂಡಿದ್ದ. ಕಲೆ ಕಾಣದಿರಲೆಂದೋ, ಕಾಣಲೆಂದೋ, ಶಲ್ಯವನ್ನು ಒಮ್ಮೆ ಎಡಕ್ಕೆ ಹಾಕಿಕೊಳ್ಳುವುದು, ಒಮ್ಮೆ ಬಲಕ್ಕೆ ಹಾಕಿಕೊಳ್ಳುವುದು, ದಾರಿಯುದ್ದಕ್ಕೂ ಅದೇ ಕೆಲಸ. ಪುಟ್ಟಗೌರಮ್ಮನನ್ನು ಒಳಗೆ ಕರೆದು ಮೆಲ್ಲಗೆ ಹೇಳಿ ಮುಗಿಸಬೇಕೆಂಬುದು ಅವನ ಲೆಕ್ಕಾಚಾರ. ಆಕೆ ಅಷ್ಟು ಸುಲಭಕ್ಕೆ ಬಿಡುವ ಹೆಂಗಸೇ? “ಏನೋ ಹೇಳ್ಬೇಕು” ಎಂದು ಅವನು ಶುರುಮಾಡುತ್ತಲೇ ಕಾಯಿ ರಾಶಿಯ ಕಡೆ ಕೂಗಿದರು:

“ಬರ್ರಪ್ಪಾ ಎಲ್ಲಾರೂ! ಮರ ಹಸಿ ಅಂತ ಎಲ್ಲಾರ್ ಮುಂದೆ ಹೇಳಿದ್ರಲ್ಲ ಅಯ್ನೋರು, ಇನ್ನೊಂದೇನೋ ಹೇಳ್ತಾರಂತೆ. ಅದ್ನೂ ಕೇಳೋಗಿ.”

ಸುಲಿಯುವವರು ಬಂದರು, ಗೊಬ್ಬರ ಹೊರುವ ಹೆಂಗಸರು ಬಂದರು. ಕಲ್ಲೇಶ್ ಒಂದು ಕಂಬದ ಮರೆಗೆ ನಿಂತ.

ರೇವಣಸಿದ್ದಯ್ಯ ಚೀಲದಿಂದ ಒಂದು ಕನ್ನಡಿ ಚೂರು, ಕಟರ್, ಎಣ್ಣೆ ಬಾಟಲಿ ತೆಗೆದ. ಎಣ್ಣೆ ಚಳಿಗೆ ಗಟ್ಟಿಯಾಗಿತ್ತು. ಬಾಟಲಿಯನ್ನು ಕಂಕುಳಲ್ಲಿಟ್ಟು ಕಾಯಿಸಿಕೊಳ್ಳುವಾಗ ಒಬ್ಬ ನಕ್ಕ. ಜಗಲಿಯ ಮೇಲೆ ಗೀಟೆಳೆದ. ಗೀಟು ತಪ್ಪಿತು. ಅವನ ಕೈ ತಪ್ಪಿದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಹೆಬ್ಬೆಟ್ಟು ಕೊಟ್ಟು ಮುರಿದು, ಬೆನ್ನು ಮೇಲೆ ಮಾಡಿ ಇಟ್ಟ. ಎಲ್ಲರೂ ಬಗ್ಗಿ ನೋಡಿದರು. ನೋಡುತ್ತಿದ್ದಂತೆ ಬೂದು ಬೆನ್ನಿನ ಮೇಲೆ ಎಣ್ಣೆ ಮಂಕಾಯಿತು, ಬಿಳಿಚಿತು, ಹೆಬ್ಬೆಟ್ಟು ಮೂಡಿತು. ನಡುವೆ ಅಡ್ಡಗೀಟು.

“ಇದ್ರ ಮ್ಯಾಲೆ ಅಂಟು ನಿಲ್ಲಕಿಲ್ಲ,” ಎಂದ. “ದೀಪದ ಕಾವಿಗೆ ಕರಗಿ ಬಿದ್ದಿರೋದು. ಮರದ ತಪ್ಪೇನಿಲ್ಲ. ಮರ ಚೆನ್ನಾಗಿ ಒಣಗೈತೆ. ತಪ್ಪು ನನ್ ಎಣ್ಣೇದು.”

ಅಲ್ಲಿಗೆ ಮುಗಿಯಿತೆಂದು ಶಲ್ಯ ಸರಿಮಾಡಿಕೊಂಡ. ಜನರ ನಡುವೆ ಗುಜುಗುಜು ಶುರುವಾಗಿತ್ತು. ಆಗ ಕಂಬದ ಮರೆಯಿಂದ ಕಲ್ಲೇಶ್ ಕೇಳಿದ, ಜೋರಾಗಿ ಏನಲ್ಲ:

“ಇದು ನಿಮಗೆ ಯಾವಾಗ ಗೊತ್ತಾಯ್ತು ಅಯ್ನೋರೆ?”

ನಾನು ಕಣ್ಣು ನೆಲಕ್ಕೆ ಹಾಕಿದೆ. ಆಮೇಲೆ ಗೊತ್ತಾಯ್ತು ಎಂದರೆ ಯಾರೂ ಇಲ್ಲವೆನ್ನುತ್ತಿರಲಿಲ್ಲ. ಎಣ್ಣೆಯ ತಪ್ಪು ಕೈಯ ತಪ್ಪು. ಅದನ್ನು ಒಪ್ಪಿಕೊಂಡವನಿಗೆ ಜನ ಭೇಷ್ ಅಂದೂ ಕಳಿಸುತ್ತಾರೆ. ರೇವಣಸಿದ್ದಯ್ಯ ಶಲ್ಯ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಅವತ್ತೇ,” ಎಂದ. “ಕೊಟ್ಟಿಗೇಲಿ. ಕಂಡಿತ್ತು. ಜೇಬಿಗಾಕ್ಕಂಡು ಹೊರಕ್ ಬಂದೆ.”

ಯಾರೂ ನಗಲಿಲ್ಲ. ಬೈಯಲೂ ಇಲ್ಲ. ಗೊಬ್ಬರ ಹೊರುವ ಹೆಂಗಸೊಬ್ಬಳು ಅವನ ಜೇಬನ್ನೇ ನೋಡಿ, ನೋಡಬಾರದ್ದನ್ನು ನೋಡಿದವಳಂತೆ ಮುಖ ಆಚೆ ತಿರುಗಿಸಿದಳು. ರೇವಣಸಿದ್ದಯ್ಯನ ಕಿವಿಗಳು ಕೆಂಪಗಾಗಿದ್ದವು, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದವರ ಕಿವಿಯ ಹಾಗೆ.

ಕಲ್ಲೇಶ್ ಕೊಟ್ಟಿಗೆಗೆ ಹೋಗಿ, ಹೆಗಲ ಟವೆಲಿನಿಂದ ಮಂಟಪದ ಧೂಳು ಹೊಡೆಯತೊಡಗಿದ. ಪುಟ್ಟಗೌರಮ್ಮ ಹಿಂದೆಯೇ ಹೋಗಿ ಹಲಗೆಯ ಮೇಲೆ ಕೈ ಆಡಿಸಿ ನೋಡಿದರು.

“ಮಂಟಪ ಒಳೀಕ್ ಬರ್ಲಿ ಕಣಪ್ಪ ಕಲ್ಲೇಶ. ಕನ್ನಡಿ ಬ್ಯಾಡ. ಆ ಗುಳೀಗೆಲ್ಲಾ ಮರದ ಎಸಳೇ ಮಾಡಿ ಕೂರ್ಸು.”

“ಹೊಸದಾಗಿ ಕುಯ್ದು ಕೊಡ್ತೀನಮ್ಮ…” ಎಂದ ರೇವಣಸಿದ್ದಯ್ಯ.

“ಬ್ಯಾಡ ಬುಡಿ ಅಯ್ನೋರೆ,” ಎಂದರು ಪುಟ್ಟಗೌರಮ್ಮ. ಮರ್ಯಾದೆಯಿಂದಲೇ ಹೇಳಿದರು. ಅದೇ ಕಷ್ಟವಾದದ್ದು.

ಚಿಕ್ಕನಾಯಕನಹಳ್ಳಿಯವರ ಮನೆಗೆ ರೇವಣಸಿದ್ದಯ್ಯ ಬಸ್ಸಿನಲ್ಲಿ ಒಬ್ಬನೇ ಹೋಗಿ ಹೇಳಿ ಬಂದ. ಮುಂಗಡ ವಾಪಸು ಪಡೆದವರ ಮನೆಗೂ ಹೋದನಂತೆ. ಕಲ್ಲೇಶನ ಶೆಡ್ಡಿನಲ್ಲಿ ಈಗ ಮತ್ತೆ ಹಲಸಿನ ಹೊಟ್ಟು ಹಾರುತ್ತಿದೆ. ಅಯ್ಯನ ಅಂಗಡಿಯ ಕನ್ನಡಿಗಳು ಒಂದೊಂದಾಗಿ ಈ ಕಡೆ ತಿರುಗಿದವು, ಹಾಳೆ ಮಾರಾಟವಾಗಬೇಕಲ್ಲ. ಕಟರ್‌ಗೆ ಹೊಲಿಗೆ ಮಿಷನ್ನಿನ ಎಣ್ಣೆ ಬಂತು. ಅಷ್ಟೇ ಅಲ್ಲ, ಚೂರು ಮುರಿದ ಮೇಲೆ ಪ್ರತಿ ಸಲವೂ ಎದ್ದು ಹೋಗಿ ಸೋಪಿನಲ್ಲಿ ಕೈ ತೊಳೆಯುತ್ತಾನೆ. ಗಿರಾಕಿಗಳು ಕಾಯುತ್ತಾರೆ.

ಕಲ್ಲೇಶ್ ಈಗಲೂ ಬರುತ್ತಾನೆ. ಈಗಲೂ ಅಯ್ನೋರೆ ಎಂದೇ ಕರೆಯುತ್ತಾನೆ, ಚಪ್ಪಲಿ ಹೊರಗೇ ಬಿಡುತ್ತಾನೆ. ಆದರೆ ಚೂರುಗಳನ್ನು ಪೇಪರಿನಲ್ಲಿ ಸುತ್ತುವ ಮೊದಲು ಒಂದೊಂದನ್ನೇ ತಿರುಗಿಸಿ, ಬೆಳಕಿಗೆ ಹಿಡಿದು, ಬೆನ್ನು ನೋಡುತ್ತಾನೆ. ಕೆಲವನ್ನು ಮೂಸುತ್ತಾನೆ. ರೇವಣಸಿದ್ದಯ್ಯ ತೊಳೆದ ಕೈಗಳನ್ನು ಮುಂದೆ ಜೋಡಿಸಿಕೊಂಡು, ಕೊನೆಯ ಚೂರು ಮುಗಿಯುವವರೆಗೆ ನಿಂತೇ ಇರುತ್ತಾನೆ. ಬೇಗ ನೋಡೋ ಎನ್ನುವುದಿಲ್ಲ. ಇಲಿ, ಬಿಲ, ಯಾವ ಮಾತೂ ಇಲ್ಲ. ಎದುರು ಮಂಡಿಯಲ್ಲಿ ಕೂತ ನನ್ನ ಬಾಯಿಗೆ ಒಂದೆರಡು ತಮಾಷೆಯ ಮಾತು ಬಂದಿರುತ್ತವೆ; ನಾನೂ ನುಂಗಿಕೊಂಡು, ಒಂದು ಉಂಡೆ ಕೊಬ್ಬರಿ ಎತ್ತಿ, ಒಳಗೆ ಹಸಿ ಉಳಿದಿದೆಯೋ ಎಂದು ಕಿವಿಯ ಹತ್ತಿರ ಕುಲುಕುತ್ತ, ಬೀದಿಯ ಕಡೆ ನೋಡುತ್ತೇನೆ.